ವಿದೇಶಿ ಪೈಲಟ್ ತರಬೇತಿ: ಪರೀಕ್ಷೆ ಇರಲಿ, ಕಾಯಿಸುವುದು ಬೇಡ

ಅಮೆರಿಕ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದಂಥ ದೇಶಗಳಲ್ಲಿ ವಿಮಾನ ಹಾರಿಸಲು ಕಲಿತು, ಅಲ್ಲಿನ ವಾಣಿಜ್ಯ ಪೈಲಟ್ ಪರವಾನಗಿಯೊಂದಿಗೆ ಅನೇಕ ಭಾರತೀಯ ಯುವಕ, ಯುವತಿಯರು ಊರಿಗೆ ಮರಳುತ್ತಾರೆ. ಆದರೆ ಆ ಪರವಾನಗಿ ತೋರಿಸಿದ ಮಾತ್ರಕ್ಕೆ ಇಲ್ಲಿನ ವಿಮಾನಯಾನ ಕಂಪನಿಗಳಲ್ಲಿ ಕೆಲಸ ಸಿಗುವುದಿಲ್ಲ. ಮೊದಲು ಅದನ್ನು ಭಾರತೀಯ ಪರವಾನಗಿಯಾಗಿ ಬದಲಾಯಿಸಿಕೊಳ್ಳಬೇಕು.

ವಿದೇಶದಲ್ಲಿ ಹಾರಿದ ಗಂಟೆಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪುತ್ತದೆ. ಕನಿಷ್ಠ 200 ಗಂಟೆಗಳ ಹಾರಾಟ ಆಗಿರಬೇಕು. ಅಲ್ಲಿ ಬರೆದ ಪರೀಕ್ಷೆಗಳು ಮಾತ್ರ ಸಾಲವು. ವಿಮಾನಯಾನ ನಿಯಮಗಳು, ದಿಕ್ಕು ನಿರ್ಣಯ, ಹವಾಮಾನ ವಿಷಯಗಳ ಪರೀಕ್ಷೆಯನ್ನು ಇಲ್ಲಿ ಮತ್ತೆ ಬರೆಯಬೇಕು. ವೈದ್ಯಕೀಯ ತಪಾಸಣೆಯೂ ಇಲ್ಲಿಯೇ ಆಗಬೇಕು.

ಇದು ಭಾರತದ ಹಟವೇನಲ್ಲ. 1944ರ ಷಿಕಾಗೊ ಒಪ್ಪಂದದ 32ನೇ ವಿಧಿಯಲ್ಲೇ ಇದಕ್ಕೆ ಅವಕಾಶವಿದೆ. ತನ್ನ ಪ್ರಜೆಗೆ ಬೇರೆ ದೇಶ ನೀಡಿದ ಪರವಾನಗಿಯನ್ನು ತನ್ನ ಆಕಾಶದಲ್ಲಿ ಒಪ್ಪದಿರುವ ಹಕ್ಕನ್ನು ಪ್ರತಿ ಸದಸ್ಯ ರಾಷ್ಟ್ರವೂ ಉಳಿಸಿಕೊಂಡಿದೆ. ಮುಂಗಾರಿನ ಮೋಡ, ಉತ್ತರ ಭಾರತದ ಚಳಿಗಾಲದ ಮಂಜು ಅರಿಯದವರ ಕೈಗೆ ಪ್ರಯಾಣಿಕರ ಜೀವ ಒಪ್ಪಿಸಲಾಗದು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದಿದ್ದ ಪೈಲಟ್‌ಗಳು ಸಿಕ್ಕಿಬಿದ್ದ ಪ್ರಕರಣವನ್ನೂ ದೇಶ ಮರೆತಿಲ್ಲ. ಹಾಗಾಗಿ ದಾಖಲೆಗಳ ಪರಿಶೀಲನೆ ಬಿಗಿಯಾಗಿಯೇ ಇರಬೇಕು.

ಸಮಸ್ಯೆ ಇರುವುದು ಸಮಯದಲ್ಲಿ. ಪೈಲಟ್ ಇನ್ ಕಮಾಂಡ್ ಆಗಿ ಮಾಡಿದ 100 ಗಂಟೆಗಳ ಹಾರಾಟದಲ್ಲಿ ಕನಿಷ್ಠ 15 ಗಂಟೆ, ಅರ್ಜಿ ಸಲ್ಲಿಸುವ ಹಿಂದಿನ ಆರು ತಿಂಗಳೊಳಗೆ ಆಗಿರಬೇಕು ಎನ್ನುತ್ತದೆ ನಿಯಮ. ಅರ್ಜಿಗೆ ಮೊದಲು ಪರೀಕ್ಷೆ ಪಾಸಾಗಬೇಕು, ಬೇಕಾದ ಪತ್ರಗಳೆಲ್ಲ ಕೈಸೇರಬೇಕು. ಅಷ್ಟರಲ್ಲಿ ಆರು ತಿಂಗಳು ದಾಟಿದರೆ ಕೈಯಿಂದ ಹಣ ಹಾಕಿ ಮತ್ತೆ ಹಾರಬೇಕು. ಮನೆ, ಜಮೀನು ಅಡವಿಟ್ಟು ಮಗಳನ್ನೋ ಮಗನನ್ನೋ ಕಳುಹಿಸಿದ ಕುಟುಂಬಕ್ಕೆ ಇದು ಗಾಯದ ಮೇಲೆ ಬರೆ. ಸಾಲದ ಬಡ್ಡಿಯಂತೂ ಯಾರಿಗಾಗಿಯೂ ಕಾಯುವುದಿಲ್ಲ.

2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಒಂದು ಗಂಟು ಬಿಚ್ಚಿದೆ. ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ರೇಡಿಯೊ ಟೆಲಿಫೋನಿ ಪ್ರಮಾಣಪತ್ರದ ಹೊಣೆ ಡಿಜಿಸಿಎಗೆ ಬರಲು ಅದು ದಾರಿ ಮಾಡಿದೆ. ಮುಂದಿನ ಹೆಜ್ಜೆಯಾಗಿ, ಪರಿಶೀಲನೆಗೆ ಗಡುವು ನಿಗದಿಯಾಗಬೇಕು. ವಿದೇಶಿ ನಿಯಂತ್ರಕರಿಂದ ದೃಢೀಕರಣವನ್ನು ಡಿಜಿಸಿಎ ನೇರವಾಗಿ, ಆನ್‌ಲೈನ್‌ನಲ್ಲೇ ಪಡೆಯಬೇಕು. ಕಚೇರಿಯಿಂದಾದ ವಿಳಂಬವನ್ನು ಆರು ತಿಂಗಳ ಲೆಕ್ಕದಿಂದ ಕೈಬಿಡಬೇಕು.

ದೇಶದೊಳಗಿನ ತರಬೇತಿಯೂ ಬೆಳೆಯಬೇಕು. 2021ರಲ್ಲಿ ಹೊಸ ಹಾರಾಟ ತರಬೇತಿ ಶಾಲೆಗಳಿಗೆ ಆಯ್ಕೆಯಾದ ಐದು ವಿಮಾನ ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಇಂಥ ಶಾಲೆಗಳಲ್ಲಿ ಸಾಕಷ್ಟು ವಿಮಾನ, ಅನುಭವಿ ಬೋಧಕರು ಇದ್ದು ಕೋರ್ಸ್ ಹೇಳಿದ ಸಮಯಕ್ಕೆ ಮುಗಿದರೆ, ಸಾಲ ಮಾಡಿ ಸಮುದ್ರ ದಾಟುವ ಅನಿವಾರ್ಯವೇ ತಗ್ಗುತ್ತದೆ. ಅಲ್ಲಿಯವರೆಗೆ ಹೊರಗೆ ಕಲಿತು ಬಂದವರ ಅರ್ಹತೆಯನ್ನು ಕಟ್ಟುನಿಟ್ಟಾಗಿ ಅಳೆಯಲಿ, ಆದರೆ ಬೇಗ ಅಳೆಯಲಿ.