ಐವಿ ಅಂದ್ರೆ ಬರೀ ಸೆಲ್ಫಿನಾ?

ಹೋದ ಸೆಮಿಸ್ಟರ್‌ನಲ್ಲಿ ಐವಿ ಅಂತ ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಹೆಡ್ ಆಫೀಸಿಗೆ ಹೋಗಿದ್ವಿ. ಅದೇ ದಿನ ಫಾರಿನ್ನಿಂದ ಎಂಬಿಎ ಸ್ಟೂಡೆಂಟ್ಸೂ ಬಂದಿದ್ರು. ನಾವು ಸೆಲ್ಫಿ ತಗೋತಿದ್ವಿ, ಅವರು ಪ್ರಶ್ನೆ ಕೇಳಿ ಬರ್ಕೋತಿದ್ರು. ಊಟದ ಹೊತ್ತಿಗೆ ಒಬ್ಬಳು ನನ್ನ ಊರು ಕೇಳಿದಳು. ಹಾವೇರಿ ಹತ್ರ ಅಗಡಿ, ಬ್ಯಾಡಗಿ ಮೆಣಸಿನಕಾಯಿ ಸೀಮೆ ಅಂದೆ. "ಅದರ ರೇಟ್ ಯಾರು ಫಿಕ್ಸ್ ಮಾಡ್ತಾರೆ?" ಅಂದಳು. ನಮ್ಮಜ್ಜ ಮೆಣಸಿನಕಾಯಿ ಬೆಳೆದೇ ನಮ್ಮಪ್ಪನನ್ನ ಓದಿಸಿದವರು. ನನಗೆ ಉತ್ತರ ಗೊತ್ತಿರಲಿಲ್ಲ.

ರಜೆಯಲ್ಲಿ ಅಜ್ಜನ ಜೊತೆ ಬ್ಯಾಡಗಿ ಎಪಿಎಂಸಿಗೆ ಹೋದೆ. ಖರೀದಿದಾರರು ರಾಶಿ ನೋಡಿ ಇ-ಟೆಂಡರ್‌ನಲ್ಲಿ ರೇಟ್ ಹಾಕ್ತಾರೆ, ಜಾಸ್ತಿ ಹಾಕಿದವರಿಗೆ ಮಾಲು. ಖಾರಕ್ಕಿಂತ ಬಣ್ಣಕ್ಕೇ ಬೆಲೆ, ಯಾಕಂದ್ರೆ ಓಲಿಯೋರೆಸಿನ್ ತೆಗೆಯೋ ಫ್ಯಾಕ್ಟರಿಗಳಿಗೆ ಬೇಕಾಗಿದ್ದೇ ಆ ಕೆಂಪು. ಸಾಫ್ಟ್‌ವೇರ್, ಕೆಮಿಸ್ಟ್ರಿ, ಬಿಸಿನೆಸ್ ಎಲ್ಲಾ ಒಂದೇ ಕಡೆ! ಮುಂದಿನ ಐವಿ ಇಲ್ಲಿಗೇ ಇಡಿ ಅಂತ ಎಚ್‌ಒಡಿ ಸರ್‌ಗೆ ಲೆಟರ್ ಕೊಟ್ಟಿದೀನಿ. ಎಸಿ ಇರಲ್ಲ, ಸೀನು ಮಾತ್ರ ಗ್ಯಾರಂಟಿ.