ವಿದೇಶಿ ಸೊಸೆಗೆ ಆರತಿ, ಅವಳ ದುಡಿಮೆಗೆ ಬೀಗ

ಎಚ್-4 ವೀಸಾ ಎಂದರೇನು ಎಂದು ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಎಚ್-1ಬಿ ಅಳಿಯನ ಜೊತೆ ಅಮೆರಿಕಕ್ಕೆ ಹೋದ ಮಗಳು ಎಂ.ಟೆಕ್ ಓದಿದ್ದರೂ ಅಲ್ಲಿ ಕೆಲಸಕ್ಕೆ ಹೋಗುವಂತಿಲ್ಲ ಎಂಬ ಸಂಕಟ ಮಲ್ಲೇಶ್ವರದಿಂದ ಮಂಗಳೂರಿನವರೆಗೆ ಚಿರಪರಿಚಿತ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಯೂ ದುಡಿಯಬಹುದು ಎಂದು 2015ರಲ್ಲಿ ಒಬಾಮ ಆಡಳಿತ ನಿಯಮ ತಂದಾಗ ನಾವು ನಿಟ್ಟುಸಿರು ಬಿಟ್ಟೆವು. ಟ್ರಂಪ್ ಮೊದಲ ಸಲ ಅಧ್ಯಕ್ಷರಾಗಿ ಅದನ್ನು ಕಿತ್ತುಹಾಕಲು ಹೊರಟಾಗ ಕೆಂಡ ಕಾರಿದೆವು. ಓದಿದ ಹೆಣ್ಣುಮಗಳನ್ನು ಗಂಡನ ಅವಲಂಬಿತಳೆಂದು ಮೂಲೆಗೆ ಕೂರಿಸುವುದು ಯಾವ ನಾಗರಿಕತೆ ಎಂದು ಕೇಳಿದೆವು. ಕೇಳಿದ್ದು ಸರಿಯೇ.

ಆದರೆ ಅದೇ ಪ್ರಶ್ನೆಯನ್ನು ನಮ್ಮ ದೇಶದ ಗೃಹ ಸಚಿವಾಲಯಕ್ಕೆ ಎಂದಾದರೂ ಕೇಳಿದ್ದೇವೆಯೇ? ಮೈಸೂರಿನ ಹುಡುಗನೊಬ್ಬ ಗೋಕುಲಂನ ಯೋಗಶಾಲೆಗೆ ಬಂದ ಜರ್ಮನಿಯ ಹುಡುಗಿಯನ್ನು ಮದುವೆಯಾಗುತ್ತಾನೆ ಎನ್ನಿ. ಅವಳು ಇಲ್ಲಿ ಬಾಳಲು ಕೊಡುವುದು ಎಂಟ್ರಿ ವೀಸಾ, ಕಚೇರಿಯ ಮಾತಿನಲ್ಲಿ ಎಕ್ಸ್ ವೀಸಾ. ಅದನ್ನು ಹಿಡಿದು ಅವಳು ಉದ್ಯೋಗ ಮಾಡುವಂತಿಲ್ಲ, ವ್ಯಾಪಾರವನ್ನೂ ನಡೆಸುವಂತಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರಂತೆ ಎಂಬ ಗಾದೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಒಂದು ವ್ಯತ್ಯಾಸವನ್ನಂತೂ ಗಮನಿಸಲೇಬೇಕು. ಅಮೆರಿಕ ಹಾಗೆ ಕೂರಿಸುವುದು ತಾತ್ಕಾಲಿಕವಾಗಿ ಕೆಲಸಕ್ಕೆ ಬಂದ ಪರದೇಶದವನ ಹೆಂಡತಿಯನ್ನು. ತನ್ನ ನಾಗರಿಕನನ್ನು ಮದುವೆಯಾದವಳಿಗೆ ಅದು ವಲಸೆ ವೀಸಾ ಕೊಡುತ್ತದೆ. ಆಕೆ ಅಲ್ಲಿ ಇಳಿದ ದಿನದಿಂದಲೇ ದುಡಿಯಬಹುದು. ನಾವು ನಮ್ಮದೇ ನಾಗರಿಕನ ಹೆಂಡತಿಗೆ, ನಮ್ಮದೇ ನಾಗರಿಕಳ ಗಂಡನಿಗೆ ಕೈ ಕಟ್ಟುತ್ತೇವೆ.

ಬೇರೆ ದೇಶದವರನ್ನು ಮದುವೆಯಾಗುವವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: ಮೊದಲು ಸರಿಯಾದ ವೀಸಾ ಆರಿಸಿಕೊಳ್ಳಿ. ಭಾರತದ ಮಟ್ಟಿಗೆ ಈ ಮಾತು ಪೊಳ್ಳು. ಆರಿಸಿಕೊಳ್ಳಲು ಇಲ್ಲಿ ಸರಿಯಾದ ವೀಸಾ ಇಲ್ಲವೇ ಇಲ್ಲ.

ಮದುವೆಗೆ ಮುಂಚಿನ ದಿನಗಳಿಂದಲೇ ನೋಡೋಣ. ಅಮೆರಿಕದಲ್ಲಿ ಕೆ-1 ಎಂಬ ವೀಸಾ ಇದೆ: ನಾಗರಿಕನೊಬ್ಬ ತಾನು ಮದುವೆಯಾಗಲಿರುವವರನ್ನು ಕರೆಸಿಕೊಂಡು 90 ದಿನದೊಳಗೆ ಮದುವೆಯಾಗಬೇಕು. ಬ್ರಿಟನ್ನಿನಲ್ಲಿ ಇದೇ ಕೆಲಸಕ್ಕೆ ಆರು ತಿಂಗಳ ವೀಸಾ ಇದೆ. ಭಾರತದಲ್ಲಿ ಅಂಥ ವರ್ಗವೇ ಇಲ್ಲ. ಹಾಗಾಗಿ ಮದುವೆಗೆಂದು ಬರುವ ಹುಡುಗಿ ಪ್ರವಾಸಿ ವೀಸಾದಲ್ಲಿ ಬರುತ್ತಾಳೆ. ಬಂದ ಉದ್ದೇಶ ತಾಳಿ, ಅರ್ಜಿಯಲ್ಲಿ ಬರೆದದ್ದು ತಾಜಮಹಲು. ಪ್ರಾಮಾಣಿಕರನ್ನು ಮೊದಲ ಹೆಜ್ಜೆಯಲ್ಲೇ ಅರ್ಧಸತ್ಯ ಬರೆಯುವಂತೆ ಮಾಡುವ ವ್ಯವಸ್ಥೆ, ಮುಂದೆ ಅವರ ಮದುವೆ ಅಸಲಿಯೋ ನಕಲಿಯೋ ಎಂದು ತನಿಖೆ ಮಾಡಲು ಪೊಲೀಸರನ್ನು ಕಳಿಸುತ್ತದೆ.

ಬಂದ ಮೇಲೆ ಮದುವೆ ಯಾವ ಕಾಯ್ದೆಯಡಿ? ಹಂಪಿಯ ಗುಡಿಯಲ್ಲೋ ಗೋಕರ್ಣದ ಕಡಲತಡಿಯಲ್ಲೋ ಸಪ್ತಪದಿ ತುಳಿದು ಫೋಟೊ ತೆಗೆಸಿಕೊಂಡರೆ ಆಯಿತು ಎಂದುಕೊಂಡವರು ಬಹಳ. ಹಿಂದೂ ವಿವಾಹ ಕಾಯ್ದೆ ಇಬ್ಬರು ಹಿಂದೂಗಳ ನಡುವಿನ ಮದುವೆಗೆ ಮಾತ್ರ. ಹಿಂದೂ ಮತ್ತು ಕ್ರೈಸ್ತರ ನಡುವೆ ಆ ಕಾಯ್ದೆಯಡಿ ನಡೆದ ಮದುವೆ ಅಸಿಂಧು ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಉಳಿದ ಮುಖ್ಯ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಡಿ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸು ಕೊಡಬೇಕು, ಅದು ಕಚೇರಿಯ ಗೋಡೆಯ ಮೇಲೆ ತೂಗಬೇಕು, ಆಕ್ಷೇಪಣೆಗೆಂದು ಮತ್ತೆ 30 ದಿನ ಕಾಯಬೇಕು. ಕೈಯಲ್ಲಿ 30 ದಿನದ ಇ-ಪ್ರವಾಸಿ ವೀಸಾ ಹಿಡಿದು ಬಂದವಳಿಗೆ ಈ ಲೆಕ್ಕ ಹೇಗೆ ಹೊಂದಬೇಕು? ನೋಟಿಸು ಪ್ರಕಟಿಸುವುದು ಬಿಡುವುದು ಜೋಡಿಯ ಇಷ್ಟ ಎಂದು ಅಲಹಾಬಾದ್ ಹೈಕೋರ್ಟು 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅದಕ್ಕೂ ಹಿಂದಿನ ವರ್ಷ, ದುರುಪಯೋಗ ಕಂಡು ಕೇರಳ ಸರ್ಕಾರ ಈ ನೋಟಿಸುಗಳನ್ನು ಅಂತರ್ಜಾಲಕ್ಕೆ ಏರಿಸುವುದನ್ನು ನಿಲ್ಲಿಸಿತು. ಆದರೂ ಕಾಯ್ದೆಯ ಅಕ್ಷರ ಹಾಗೆಯೇ ಉಳಿದಿದೆ.

ಈ ಗೋಡೆಯನ್ನೂ ಹತ್ತಿ ಇಳಿದು ಮದುವೆ ನೋಂದಣಿಯಾಯಿತು ಎನ್ನಿ. ಇನ್ನು ಎಫ್‌ಆರ್‌ಆರ್‌ಒ ಸರದಿ. ವಿದೇಶಿಯರನ್ನು ನೋಂದಾಯಿಸುವ ಬೆಂಗಳೂರಿನ ಈ ಕಚೇರಿಯ ಕೆಲಸ 2018ರಿಂದ ಆನ್‌ಲೈನ್ ಆಗಿದೆ, ಸಾಲು ನಿಲ್ಲುವುದು ಕಡಿಮೆಯಾಗಿದೆ, ಒಪ್ಪೋಣ. ಆದರೆ ಆನ್‌ಲೈನ್ ಆದದ್ದು ಅರ್ಜಿ, ಅನುಮಾನ ಹಳೆಯದೇ. ವಿವಾಹ ನೋಂದಣಿ ಪತ್ರ ಬೇಕು, ಭಾರತೀಯ ಸಂಗಾತಿಯ ಪತ್ರ, ಸಹಿ ಬೇಕು, ಇಬ್ಬರೂ ಒಟ್ಟಿಗೆ ಬಾಳುತ್ತಿದ್ದಾರೆ ಎಂಬ ವರದಿ ಬೇಕು. ಇಷ್ಟೆಲ್ಲ ಆದ ಮೇಲೆ ಸಿಗುವುದು ಮೊದಲೇ ಹೇಳಿದ ಎಕ್ಸ್ ವೀಸಾ. ಕೆಲಸ ಮಾಡಲೇಬೇಕೆಂದರೆ ಉದ್ಯೋಗ ವೀಸಾ ಇದೆಯಲ್ಲ ಎನ್ನುತ್ತಾರೆ. ಭಾಷಾ ಶಿಕ್ಷಕರಂಥ ಕೆಲವರನ್ನು ಬಿಟ್ಟರೆ ಅದಕ್ಕೆ ಸಾಮಾನ್ಯ ನಿಯಮ ವರ್ಷಕ್ಕೆ ₹16.25 ಲಕ್ಷ ಸಂಬಳ. ಧಾರವಾಡದ ಶಾಲೆಯಲ್ಲಿ ಪಿಯಾನೊ ಕಲಿಸುವ, ಚಿಕ್ಕಮಗಳೂರಿನ ಹೋಂಸ್ಟೇ ನೋಡಿಕೊಳ್ಳುವ ಸೊಸೆಗೆ ಆ ಸಂಬಳ ಯಾರು ಕೊಡುತ್ತಾರೆ? ಬ್ರಿಟನ್ನು ತನ್ನ ಪ್ರಜೆ ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 29,000 ಪೌಂಡ್ ವರಮಾನ ತೋರಿಸಬೇಕು ಎಂದು 2024ರ ಏಪ್ರಿಲ್‌ನಲ್ಲಿ ನಿಯಮ ಬಿಗಿ ಮಾಡಿದಾಗ, ಪ್ರೀತಿಗೂ ಸಂಬಳದ ಚೀಟಿಯೇ ಎಂದು ಅಲ್ಲಿಯ ಜನ ಬೀದಿಯಲ್ಲಿ, ಸಂಸತ್ತಿನಲ್ಲಿ ಜಗಳವಾಡಿದರು. ನಮ್ಮಲ್ಲಿ ಜಗಳವಾಡುವುದಿರಲಿ, ಇಂಥದೊಂದು ನಿಯಮ ಇದೆಯೆಂಬುದೇ ಬಹುಪಾಲು ಜನರಿಗೆ ಗೊತ್ತಿಲ್ಲ.

ಎರಡು ವರ್ಷ ಕಾದರೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಸಿಗುತ್ತದೆ, ಆಮೇಲೆ ದುಡಿಯಬಹುದು ಎಂಬುದು ಸರ್ಕಾರದ ಸಮಾಧಾನ. ಪೌರತ್ವ ಕಾಯ್ದೆಯ 2015ರ ತಿದ್ದುಪಡಿ ಹೇಳುವುದೂ ಅದನ್ನೇ: ಮದುವೆ ನೋಂದಣಿಯಾಗಿ ಎರಡು ವರ್ಷ ಎಡೆಬಿಡದೆ ಮುಂದುವರಿದಿರಬೇಕು, ಜೊತೆಗೆ ಭದ್ರತಾ ಸಂಸ್ಥೆಗಳ ಒಪ್ಪಿಗೆ ಬೇಕು. ಆ ಎರಡು ವರ್ಷಗಳಲ್ಲಿ ಒಂದು ಸಂಸಾರದಲ್ಲಿ ಏನೇನು ನಡೆಯುತ್ತದೆ ಎಂದು ಯೋಚಿಸಿ. ಹೊಸ ಊರು, ಹೊಸ ಭಾಷೆ, ಹೊಸ ಅತ್ತೆ. ಸ್ವಂತ ದುಡಿಮೆಯಿಲ್ಲ, ತರಕಾರಿಗೂ ಗಂಡನ ಕೈ ನೋಡಬೇಕು. ವೀಸಾ ಮುಂದುವರಿಯಬೇಕಾದರೆ ಅವನ ಸಹಿ ಬೇಕು. ಗಂಡ ಒಳ್ಳೆಯವನಾದರೆ ಇದು ಬರೀ ಕಿರಿಕಿರಿ. ಹೊಡೆಯುವವನಾದರೆ ಆ ಸಹಿಯೇ ಅವನ ಕೈಯ ಬೆತ್ತ. ಒಸಿಐ ಸಿಕ್ಕಿತು ಎಂದರೂ ನೆಮ್ಮದಿಯಿಲ್ಲ: ಮದುವೆಯ ಮೂಲಕ ಪಡೆದ ಕಾರ್ಡನ್ನು ವಿಚ್ಛೇದನವಾದರೆ ರದ್ದು ಮಾಡಲು ಅದೇ ಕಾಯ್ದೆಯ 7ಡಿ ಸೆಕ್ಷನ್ನು ಅವಕಾಶ ಕೊಡುತ್ತದೆ. ಹದಿನೈದು ವರ್ಷ ಇಲ್ಲಿ ಬಾಳಿ, ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿದವಳಿಗೂ ಇದರಿಂದ ವಿನಾಯಿತಿ ಬರೆದಿಲ್ಲ.

ಇಷ್ಟಕ್ಕೂ ಈ ದೇಶ ಮೊದಲಿನಿಂದ ಹೀಗಿರಲಿಲ್ಲ. 1955ರ ಮೂಲ ಪೌರತ್ವ ಕಾಯ್ದೆಯಲ್ಲಿ, ಭಾರತೀಯನನ್ನು ಮದುವೆಯಾದ ಹೆಣ್ಣು ನೋಂದಣಿಯ ಮೂಲಕ ಪೌರತ್ವ ಪಡೆಯಲು ಇಷ್ಟು ವರ್ಷ ಇಲ್ಲಿ ವಾಸವಿರಬೇಕು ಎಂಬ ಷರತ್ತೇ ಇರಲಿಲ್ಲ. ಆ ಔದಾರ್ಯಕ್ಕೆ ಒಂದು ಕುಂದಿತ್ತು: ಅದು ಸೊಸೆಯಂದಿರಿಗೆ ಮಾತ್ರ, ವಿದೇಶಿ ಅಳಿಯನ ಹೆಸರೇ ಅದರಲ್ಲಿರಲಿಲ್ಲ. 1986ರಲ್ಲಿ ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿದರು, ಅದರ ಜೊತೆಗೇ ಐದು ವರ್ಷದ ವಾಸ ಎಂಬ ಷರತ್ತನ್ನೂ ಸೇರಿಸಿದರು. 2003ರ ತಿದ್ದುಪಡಿ ಅದನ್ನು ಏಳು ವರ್ಷಕ್ಕೆ ಏರಿಸಿತು. ಹೊಸ ಗಣರಾಜ್ಯಕ್ಕೆ ಇದ್ದ ಆತ್ಮವಿಶ್ವಾಸ ಐವತ್ತು ವರ್ಷ ತುಂಬುವ ಹೊತ್ತಿಗೆ ಏಕೆ ಕರಗಿತು?

ಉತ್ತರದ ಒಂದು ತುಣುಕು ನಮ್ಮ ಬಳ್ಳಾರಿಯಲ್ಲಿದೆ. 1999ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ನಿಂತರು. 1968ರಲ್ಲಿ ಮದುವೆಯಾಗಿ 1983ರಲ್ಲಿ ಪೌರತ್ವ ಪಡೆದ ಸೋನಿಯಾರನ್ನು ವಿದೇಶಿ ಸೊಸೆ ಎಂದೂ ಸುಷ್ಮಾರನ್ನು ಸ್ವದೇಶಿ ಮಗಳು ಎಂದೂ ಬಿಂಬಿಸುವ ಪ್ರಚಾರ ನಡೆಯಿತು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಜನ ಮೆಚ್ಚಿದರು. ಆದರೆ ಬಳ್ಳಾರಿ ಗೆಲ್ಲಿಸಿದ್ದು ಸೊಸೆಯನ್ನು. ಸೋನಿಯಾರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆ ಜಗಳದ ಫಲವಾಗಿ ವಿದೇಶಿ ಸಂಗಾತಿಯ ಪ್ರಶ್ನೆ ಒಂದು ಕುಟುಂಬದ ಪರ-ವಿರೋಧಕ್ಕೆ ಗಂಟುಬಿತ್ತು. ಬಡಗಿಯ, ಬಾಣಸಿಗನ, ಸಾಫ್ಟ್‌ವೇರ್ ಹುಡುಗಿಯ ಸಂಸಾರದ ಕಷ್ಟವನ್ನು ಮಾತಾಡಲು ಯಾವ ಪಕ್ಷಕ್ಕೂ ಧೈರ್ಯ ಉಳಿಯಲಿಲ್ಲ.

ಅದೇ ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವೆಯಾಗಿ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಅನಿವಾಸಿ ಗಂಡಂದಿರು ಕೈಬಿಟ್ಟ ಭಾರತೀಯ ಹೆಣ್ಣುಮಕ್ಕಳ ರಕ್ಷಣೆ ಅದರ ಗುರಿ. 2024ರಲ್ಲಿ ಕಾನೂನು ಆಯೋಗವೂ ಇದಕ್ಕೊಂದು ಸಮಗ್ರ ಕಾನೂನು ಬೇಕೆಂದಿತು. ಪರದೇಶದಲ್ಲಿ ಗಂಡನ ಕಾಗದದ ಮೇಲೆ ಬದುಕುವ ಹೆಣ್ಣು ಎಷ್ಟು ಅಸಹಾಯಕಳು ಎಂಬುದು ನಮ್ಮ ಆಳುವವರಿಗೆ ಚೆನ್ನಾಗಿ ಗೊತ್ತಿದೆ ಎಂದಾಯಿತು. ಆ ತಿಳಿವಳಿಕೆ ನಮ್ಮ ಮಗಳ ವಿಷಯದಲ್ಲಿ ಮಾತ್ರ ಎಚ್ಚರವಾಗಿದ್ದು, ಇನ್ನೊಬ್ಬರ ಮಗಳು ನಮ್ಮ ಹೊಸಿಲು ದಾಟಿದಾಗ ಕಣ್ಣು ಮುಚ್ಚಿದರೆ ಅದನ್ನು ನ್ಯಾಯ ಎನ್ನಲಾಗದು.

ಎದುರುವಾದಗಳು ಇಲ್ಲದಿಲ್ಲ. ನಕಲಿ ಮದುವೆಗಳ ಭಯ ಮೊದಲನೆಯದು. ಇರಲಿ, ನಕಲಿಗಳು ಎಲ್ಲ ಕಡೆ ಇದ್ದಾರೆ. ಅಮೆರಿಕ 1986ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು: ಮದುವೆಯಾಗಿ ಎರಡು ವರ್ಷ ಆಗಿಲ್ಲದಿದ್ದರೆ ಸಿಗುವ ಗ್ರೀನ್ ಕಾರ್ಡ್ ಷರತ್ತಿನದು, ಎರಡು ವರ್ಷದ ಕೊನೆಯಲ್ಲಿ ಮದುವೆ ನಿಜವೆಂದು ಮತ್ತೆ ತೋರಿಸಬೇಕು. ಪರೀಕ್ಷೆ ಅಲ್ಲೂ ಎರಡೇ ವರ್ಷ. ಆದರೆ ಪರೀಕ್ಷೆಯ ಅವಧಿಯಲ್ಲಿ ಅವಳು ದುಡಿದು ತಿನ್ನಬಹುದು. ನಾವು ಪರೀಕ್ಷೆಯ ಹೆಸರಿನಲ್ಲಿ ಶಿಕ್ಷೆಯನ್ನೂ ಕೊಡುತ್ತಿದ್ದೇವೆ.

ಎರಡನೆಯದು ಉದ್ಯೋಗದ ವಾದ: ನಮ್ಮವರಿಗೇ ಕೆಲಸವಿಲ್ಲದಾಗ ಹೊರಗಿನವರಿಗೇಕೆ? ನೂರನಲವತ್ತು ಕೋಟಿ ಜನರ ದೇಶದಲ್ಲಿ ಮದುವೆಯಾಗಿ ಬರುವ ಈ ಹಿಡಿಯಷ್ಟು ಜನ ಯಾರ ಅನ್ನ ಕಸಿದಾರು? ಎರಡು ವರ್ಷದ ನಂತರ ಕೆಲಸ ಮಾಡಬಹುದು ಎಂದು ಸರ್ಕಾರವೇ ಒಪ್ಪಿರುವಾಗ, ಈ ವಾದಕ್ಕೆ ನಿಲ್ಲಲು ನೆಲವೂ ಇಲ್ಲ.

ಮೂರನೆಯದು ಭದ್ರತೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಪಹಲ್ಗಾಮ್‌ನಲ್ಲಿ ರಕ್ತ ಹರಿದ ಮೇಲೆ 2025ರ ಏಪ್ರಿಲ್‌ನಲ್ಲಿ ಸರ್ಕಾರ ಪಾಕಿಸ್ತಾನಿಯರ ವೀಸಾಗಳನ್ನು ರದ್ದು ಮಾಡಿತು. ಆಗಲೂ ದೀರ್ಘಾವಧಿ ವೀಸಾ ಇದ್ದವರನ್ನು ಅದರಿಂದ ಹೊರಗಿಟ್ಟಿತು. ಅಂದರೆ ಸಿಟ್ಟಿನ ಉತ್ತುಂಗದಲ್ಲೂ, ಇಲ್ಲಿ ನೆಲೆಯೂರಿದವರು ಬೇರೆ, ಬಂದುಹೋಗುವವರು ಬೇರೆ ಎಂದು ಗೆರೆ ಎಳೆಯಲು ನಮ್ಮ ಆಡಳಿತಕ್ಕೆ ಬರುತ್ತದೆ. ತೊಂದರೆಗೆ ಸಿಕ್ಕಿದ್ದು ಇಲ್ಲಿ ಮದುವೆಯಾಗಿದ್ದೂ ಆ ವೀಸಾ ಇನ್ನೂ ಕೈಗೆ ಬಾರದೆ ಕಾಯುತ್ತಿದ್ದವರು. ಕರಾಚಿಯ ಜೊತೆ ಹಳೆಯ ನೆಂಟಸ್ತಿಕೆ ಇರುವ ಭಟ್ಕಳದಂಥ ಊರಿಗೆ ಈ ಕಷ್ಟ ಹೊಸದಲ್ಲ. ಯಾರ ಹಿನ್ನೆಲೆಯನ್ನು ಬೇಕಾದರೂ ಜಾಲಾಡಿ, ಆದರೆ ಇಂತಿಷ್ಟು ದಿನದಲ್ಲಿ ಮುಗಿಸಿ, ಇಲ್ಲ ಎನ್ನುವುದಾದರೆ ಕಾರಣ ಬರೆದು ಕೊಡಿ. ಬರ್ಲಿನ್ನಿನಿಂದಲೋ ಬ್ರೆಜಿಲ್ಲಿನಿಂದಲೋ ಬಂದವಳು ಶಾಲೆಯಲ್ಲಿ ಪಾಠ ಮಾಡಿದರೆ ದೇಶದ ಭದ್ರತೆಗೆ ಅಪಾಯ, ಅಡುಗೆಮನೆಯಲ್ಲಿ ಕೂತರೆ ಇಲ್ಲ ಎಂಬ ತರ್ಕ ಮಾತ್ರ ಯಾರಿಗೂ ಅರ್ಥವಾಗುವಂಥದ್ದಲ್ಲ.

ಕಾನೂನು ಬಲ್ಲವರು ಇನ್ನೊಂದು ಗೋಡೆ ತೋರಿಸುತ್ತಾರೆ. ಇಲ್ಲಿ ನೆಲೆಸುವ ಹಕ್ಕು ವಿದೇಶಿಯರಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 1991ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಜ. ಆದರೆ ನಾನು ಎತ್ತುತ್ತಿರುವುದು ಭಾರತೀಯ ಸಂಗಾತಿಯ ಹಕ್ಕನ್ನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು. ಮರುವರ್ಷ ಹಾದಿಯಾ ಪ್ರಕರಣದಲ್ಲಿ, ಸಂಗಾತಿಯನ್ನು ಆರಿಸಿಕೊಳ್ಳುವುದು ವ್ಯಕ್ತಿಯ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆರಿಸಿಕೊಳ್ಳುವ ಹಕ್ಕು ಕೊಟ್ಟು, ಆರಿಸಿಕೊಂಡವರ ಜೊತೆ ಮರ್ಯಾದೆಯಿಂದ ಬಾಳುವ ದಾರಿಯನ್ನು ಮುಚ್ಚಿದರೆ ಆ ನಾಗರಿಕನ ಮುಂದೆ ಉಳಿಯುವುದು ಒಂದೇ: ಸಂಗಾತಿಯ ದೇಶಕ್ಕೆ ತಾನೇ ಗಂಟು ಕಟ್ಟುವುದು. ಪ್ರತಿಭಾ ಪಲಾಯನ ಎಂದು ಆಮೇಲೆ ಭಾಷಣ ಮಾಡಿ ಪ್ರಯೋಜನವೇನು?

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಮದುವೆಯಾಗಲು ಬರುವವರಿಗೆ ಆರು ತಿಂಗಳ ಪ್ರತ್ಯೇಕ ವೀಸಾ ಇರಲಿ, ಯಾರೂ ಪ್ರವಾಸಿಯ ವೇಷ ಹಾಕಬೇಕಾಗದಿರಲಿ. ಮದುವೆ ನೋಂದಣಿಯಾದ ದಿನದಿಂದ ಎಕ್ಸ್ ವೀಸಾದ ಮೇಲೆ ದುಡಿಯುವ ಅನುಮತಿಯ ಮುದ್ರೆ ಬೀಳಲಿ. ದೌರ್ಜನ್ಯ ಸಾಬೀತಾದರೆ, ಅಥವಾ ಭಾರತೀಯ ಮಕ್ಕಳಿದ್ದರೆ, ಸಂಗಾತಿಯ ಸಹಿಯಿಲ್ಲದೆ ವೀಸಾ ಮುಂದುವರಿಯಲಿ. ವಿಚ್ಛೇದನದ ಕಾರಣಕ್ಕೇ ಒಸಿಐ ಹೋಗದಿರಲಿ. ಕೊನೆಯದಕ್ಕೆ ಕಾಯ್ದೆಯ ತಿದ್ದುಪಡಿ ಬೇಕು, ಅದಕ್ಕೆ ಸಂಸತ್ತು ಮನಸ್ಸು ಮಾಡಬೇಕು. ಉಳಿದವಕ್ಕೆ ಅದೂ ಬೇಡ. ಅವು ವೀಸಾ ನೀತಿಯ ಮಾತುಗಳು, ಗೃಹ ಸಚಿವಾಲಯ ತನ್ನ ಸೂಚನೆಗಳನ್ನು ತಿದ್ದಿ ಜಾರಿಗೆ ತರಬಹುದಾದಂಥವು. ವಸಾಹತು ಕಾಲದ ಕಾಯ್ದೆಗಳನ್ನು ಕಳಚಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ಜಾರಿಗೆ ತಂದ ಸರ್ಕಾರ ಇಷ್ಟನ್ನೂ ಮಾಡಲಾರದೇ? ರಾಜ್ಯದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಗೃಹ ಸಚಿವರನ್ನು ಕೇಳಲಿ: ಭಾರತೀಯರನ್ನು ಮದುವೆಯಾಗಿ ಇಲ್ಲಿ ಬಾಳಲು ಬಂದವರು ಎರಡು ವರ್ಷ ದುಡಿಯದೇ ಇರುವುದರಿಂದ ಈ ದೇಶಕ್ಕೆ ಸಿಗುವ ಲಾಭವೇನು? ಲಿಖಿತ ಉತ್ತರವೇ ಬರಲಿ, ಓದೋಣ.