ಧರಣಿಗೆ ಸ್ತ್ರೀಯರು, ಸಂಧಾನಕ್ಕೆ ಪುರುಷರೇ?

ಚುನಾವಣೆಯ ಯಾತ್ರೆಗಳನ್ನು ಕೋಲಾರ ಜಿಲ್ಲೆಯ ಕುರುಡುಮಲೆಯ ಗಣಪತಿಯ ಮುಂದೆ ಕಾಯೊಡೆದು ಆರಂಭಿಸುವ ರೂಢಿಯನ್ನು, 1999ರಲ್ಲಿ ಎಸ್. ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಇಲ್ಲಿಂದ ಹೊರಟು ಅಧಿಕಾರವನ್ನು ಮುಟ್ಟಿದ ಮೇಲಂತೂ, ನಾಡೆಲ್ಲ ಬಲ್ಲದು. ಆದರೆ ಇದೇ ಮುಳಬಾಗಿಲು ಸೀಮೆಯಿಂದ, ಮನೆಯ ಒಲೆಯನ್ನೂ ಮಕ್ಕಳನ್ನೂ ಅತ್ತೆಗೊಪ್ಪಿಸಿ, ನಸುಕಿನ ಬಸ್ಸು ಹಿಡಿದು ಬೆಂಗಳೂರಿನ ಧರಣಿಗೆ ಹೊರಡುವ ಅಂಗನವಾಡಿ ಕಾರ್ಯಕರ್ತೆಗೆ ಹಾರ ಹಾಕಿ ಬೀಳ್ಕೊಡುವವರಿಲ್ಲ. ಸರ್ಕಾರದ ಉಪೇಕ್ಷೆ ಹಳೆಯದು. ಅವಳನ್ನು ಮೆರವಣಿಗೆಯ ತಲೆಯೆಣಿಕೆಗೆ ಸೇರಿಸಿಕೊಂಡು, ನಿರ್ಣಯದ ಮೇಜಿನಿಂದ ದೂರವಿಡುವ ಪ್ರಗತಿಪರ ಪಕ್ಷಗಳ ಪರಿಪಾಠ ಅದಕ್ಕಿಂತಲೂ ಖಂಡನೀಯವಾದುದು.

ಈ ಪರಿಪಾಠಕ್ಕೆ ದೀರ್ಘವಾದ ಚರಿತ್ರೆಯಿದೆ. ದಂಡಿಯಾತ್ರೆಗೆ ಗಾಂಧೀಜಿ ಆರಿಸಿಕೊಂಡ 78 ಮಂದಿ ಸತ್ಯಾಗ್ರಹಿಗಳಲ್ಲಿ ಸ್ತ್ರೀಯೊಬ್ಬಳೂ ಇರಲಿಲ್ಲ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅವರೊಡನೆ ವಾದಿಸಿಯೇ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೆ ಸ್ಥಾನ ದೊರಕಿಸಬೇಕಾಯಿತು. ಮಹಾಯುದ್ಧದ ನಡುವೆ, 1917ರಲ್ಲಿ, ರೊಟ್ಟಿ ಕೇಳುತ್ತ ಪೆಟ್ರೋಗ್ರಾಡಿನ ಬೀದಿಗಿಳಿದ ಜವಳಿ ಗಿರಣಿಯ ಹೆಂಗಸರೇ ಜಾರನ ಸಿಂಹಾಸನವನ್ನು ಮೊದಲು ಅಲುಗಿಸಿದವರು. ಆ ಕ್ರಾಂತಿಯ ವಾರಸುದಾರನೆಂದು ಹೇಳಿಕೊಳ್ಳುವ ನಮ್ಮ ಮಾರ್ಕ್ಸ್‌ವಾದಿ ಪಕ್ಷ 1964ರಲ್ಲಿ ರಚಿಸಿಕೊಂಡ ಪಾಲಿಟ್‌ಬ್ಯೂರೋದ ಒಂಬತ್ತು ಮಂದಿಯೂ ಪುರುಷರೇ. ಬೃಂದಾ ಕಾರಟ್ ಮೊದಲ ಸ್ತ್ರೀಸದಸ್ಯರಾಗಿ ಒಳಬಂದದ್ದು 2005ರಲ್ಲಿ.

ಸ್ತ್ರೀಪ್ರಶ್ನೆಯನ್ನು ಈಗಲೇ ಎತ್ತಿದರೆ ವರ್ಗೈಕ್ಯ ಒಡೆದೀತು, ಮೊದಲು ಹೋರಾಟ ಗೆಲ್ಲಲಿ ಎಂಬುದು ಮುಖಂಡರ ಸಿದ್ಧೋತ್ತರ. ಈ ವಾದ ನಿಲ್ಲುವಂಥದಲ್ಲ; ಇಲ್ಲಿ ಕೂಲಿಯ ಪ್ರಶ್ನೆಯೇ ಸ್ತ್ರೀಪ್ರಶ್ನೆ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ, ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ, ತೀರ್ಪಿತ್ತಿತು. ಮಕ್ಕಳನ್ನು ತೂಗಿ, ಗರ್ಭಿಣಿಯರಿಗೆ ಉಣಬಡಿಸಿ, ಮೊಬೈಲಿನಲ್ಲಿ ದಾಖಲೆ ತುಂಬುವ ದುಡಿಮೆಯನ್ನು, ಹೆಂಗಸಿನ ಸಹಜಸೇವೆಯೆಂಬಂತೆ, ಸರ್ಕಾರ ಗೌರವಧನದಲ್ಲಿಯೇ ತೀರಿಸುತ್ತಿದೆ. ಧರಣಿಯ ಚಪ್ಪರದಲ್ಲಿ ಹೆಂಗಸರು ಘೋಷಣೆ ಕೂಗಿ, ಅನ್ನ ಬೇಯಿಸಿ, ಸಚಿವರ ಕೊಠಡಿಗೆ ಮಾತ್ರ ಗಂಡಸರು ನಡೆದರೆ, ಸರ್ಕಾರದ ಆ ಧೋರಣೆಗೆ ಚಳವಳಿಯೇ ರುಜು ಹಾಕಿದಂತಾಗುತ್ತದೆ.

ಐಕ್ಯ ಒಡೆದೀತೆಂಬ ಮುಖಂಡರ ವಾದಕ್ಕೆ ಪ್ರತ್ಯಕ್ಷ ಖಂಡನೆ ನಮ್ಮ ಕಣ್ಣೆದುರಿಗೇ ಇದೆ. 2017ರ ಮಾರ್ಚ್ ತಿಂಗಳಲ್ಲಿ ಸಹಸ್ರಾರು ಕಾರ್ಯಕರ್ತೆಯರೂ ಸಹಾಯಕಿಯರೂ ಹಗಲಿರುಳೆನ್ನದೆ ಬೆಂಗಳೂರಿನ ರಸ್ತೆಯಲ್ಲಿಯೇ ಮಲಗಿ ಸರ್ಕಾರವನ್ನು ಮಾತುಕತೆಗೆ ಎಳೆತಂದಾಗ, ಮುಂದಾಳುತನ ಅಂಗನವಾಡಿ ನೌಕರರ ಸಂಘದ ಎಸ್. ವರಲಕ್ಷ್ಮಿಯವರದಾಗಿತ್ತು, ಐಕ್ಯವೇನೂ ಒಡೆಯಲಿಲ್ಲ. ಅದಕ್ಕೆ ಮುನ್ನವೇ, 2016ರಲ್ಲಿ, ಅಂಗನವಾಡಿ ಒಕ್ಕೂಟದಿಂದಲೇ ಬೆಳೆದ ಕೆ. ಹೇಮಲತಾ ಅವರು ಮಾರ್ಕ್ಸ್‌ವಾದಿ ಪಕ್ಷದ ಕಾರ್ಮಿಕ ಸಂಘಟನೆಯಾದ ಸಿಐಟಿಯುವಿನ ಪ್ರಥಮ ಮಹಿಳಾ ಅಧ್ಯಕ್ಷೆಯಾದರು. ಸಂಘಟನೆ 1970ರದು, ಆ ಪೀಠ ಸ್ತ್ರೀಗೆ ದೊರೆಯಲು ಹಿಡಿದ ಕಾಲವನ್ನು ಓದುಗರೇ ಲೆಕ್ಕಹಾಕಲಿ.

ಆದುದರಿಂದ ಕೋಲಾರ ಜಿಲ್ಲೆಯ ರೈತ, ಕಾರ್ಮಿಕ, ನೀರಾವರಿ ಹೋರಾಟಗಳ ಸಮಿತಿಗಳು ಸಂಧಾನದ ನಿಯೋಗದ ಅರ್ಧ ಸ್ಥಾನಗಳನ್ನೂ ಖಜಾನೆಯ ಕೀಲಿಕೈಯನ್ನೂ ಸ್ತ್ರೀಯರಿಗೆ ವಹಿಸುವ ನಿರ್ಣಯವನ್ನು ಮುಂದಿನ ಸಭೆಯಲ್ಲಿಯೇ ಕೈಗೊಳ್ಳಬೇಕು. ಅಷ್ಟನ್ನು ಮಾಡಲಾರದವರು ಸಮಾನತೆಯ ಘೋಷಣೆಯನ್ನು ತಮ್ಮ ಬಾವುಟದಿಂದ ಅಳಿಸಿಹಾಕುವುದೇ ಪ್ರಾಮಾಣಿಕತೆ.